ಅವ್ವನಿಗೆ ಇನ್ಸುಲಿನ್: ಸೀಸೆಯಾ, ಪೆನ್ನಾ?

ಅಫಜಲಪುರದ ತಂಗಿ ಕೇಳಿದ್ದಳು, ಅವ್ವನ ಸಕ್ಕರೆ ಕಾಯಿಲೆಗೆ ಸೀಸೆಯ ಇನ್ಸುಲಿನ್ ಕೊಡಿಸಲೋ, ಪೆನ್ನಿನಂತಿರುವ ಚುಚ್ಚುವ ಸಾಧನ ಕೊಡಿಸಲೋ ಅಂತ.

ದುಡ್ಡಿನ ಮಾತಾದರೆ ಸೀಸೆ, ಸಿರಿಂಜೇ ಸಾಮಾನ್ಯವಾಗಿ ಅಗ್ಗ. 10 ಮಿಲಿ ಸೀಸೆಯಲ್ಲಿ ಹೆಚ್ಚಾಗಿ 400 ಯೂನಿಟ್ ಇರುತ್ತದೆ. ಪೆನ್ನಿನೊಳಗಿನ 3 ಮಿಲಿ ಕಾರ್ಟ್ರಿಜ್‌ನಲ್ಲಿ, ಅಂದರೆ ಔಷಧದ ಕೊಳವೆಯಲ್ಲಿ, ಸಾಮಾನ್ಯವಾಗಿ 300. ಪೆನ್ನಿಗೆ ಸೂಜಿಯ ಖರ್ಚು ಬೇರೆ.

ಆದರೆ ನನಗೆ ಜಾಸ್ತಿ ಚಿಂತೆ ಅಳತೆಯದು. ನಮ್ಮಲ್ಲಿ ಸಿಗುವ ಸೀಸೆ ಹೆಚ್ಚಾಗಿ 40ರದು, ಅಂದರೆ ಒಂದು ಮಿಲಿಗೆ 40 ಯೂನಿಟ್. ಪೆನ್ನಿನದು ಸಾಮಾನ್ಯವಾಗಿ 100ರದು. 40ರ ಸೀಸೆಗೆ 40ರ ಸಿರಿಂಜೇ ಬೇಕು. ಪೆನ್ನಿನ ಕಾರ್ಟ್ರಿಜ್‌ನಿಂದ ಆ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಔಷಧ ಹೋಗುತ್ತದೆ, ಜೀವಕ್ಕೇ ಅಪಾಯ. ಅವ್ವನ ಕಣ್ಣು ಮಂದವಾಗಿದ್ದು, ತಾನೇ ಚುಚ್ಚಿಕೊಳ್ಳುವುದಾದರೆ ಪೆನ್ನೇ ಒಳ್ಳೆಯದು. ಅಳತೆಯ ಗುಂಡಿ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಕೇಳುತ್ತದೆ. 4 ಮಿಮೀ ಸೂಜಿ ನೋವೂ ಕಡಿಮೆ. ನೀನೇ ದಿನಾ ಚುಚ್ಚುವುದಾದರೆ, ಕೈ ನಡುಗದಿದ್ದರೆ, ಸೀಸೆ ಸಾಕು.

ಬಿಸಿಲಿಗೆ ಎರಡೂ ಒಂದೇ. ತೆರೆಯದ್ದು ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಕಲಬುರಗಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ವಾ? ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಗಡಿಗೆ ನೆರವಾಗುತ್ತದೆ. ದೊಡ್ಡ ಗಡಿಗೆಯೊಳಗೆ ಸಣ್ಣದಿಟ್ಟು, ನಡುವೆ ಹಸಿ ಮರಳು ತುಂಬಿ, ಒಳಗೆ ಡಬ್ಬಿಯಲ್ಲಿಡು.

ಯಾವುದನ್ನೇ ಬದಲಿಸುವ ಮುಂಚೆ ಡಾಕ್ಟರನ್ನು ಕೇಳು, ತಂಗಿ.