ಮಂಡಿಪೇಟೆಯ ಹಳೆ ನಾಣ್ಯದಂಗಡಿ: ಹೋಗಿ, ಆದ್ರೆ ಕಾಸು ತಿಕ್ಕಬೇಡಿ

ಅಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ ಒಂಬತ್ತು ತಾಮ್ರದ ಕಾಸು ಸಿಕ್ಕಿದ್ದವು. ಕೆಲವು ಸವೆದು ಬಿಲ್ಲೆಯಾಗಿದ್ದವು, ಒಂದಕ್ಕೆ ತೂತು, ಉಳಿದವಕ್ಕೆ ಹಸಿರು ಕಿಲುಬು. ಹಳೆ ಕಾಸಿಗೆ ಲಕ್ಷ ಕೊಡ್ತೀವಿ ಅನ್ನೋ ವಿಡಿಯೋ ನೋಡಿ ಯಾರಿಗೋ ಫೋಟೋ ಕಳಿಸಿದೆ. ಎರಡು ಲಕ್ಷ ಕೊಡ್ತೀವಿ, ಮೊದಲು ಐನೂರು ಶುಲ್ಕ ಹಾಕಿ ಅಂದ. ಹಾಕಿದೆ, ಹೋಯ್ತು. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು ಅಂತ ಗೊತ್ತಾಗಿದ್ದು ಆಮೇಲೆ.

ಹಾಗಾಗಿ ದಾವಣಗೆರೆ ಮಂಡಿಪೇಟೆಯ ಈ ಪುಟ್ಟ ಅಂಗಡಿಗೂ ಅನುಮಾನದಲ್ಲೇ ಹೋದೆ. ಯಜಮಾನರು ಮೊದಲು ಕೇಳಿದ್ದೇ, "ಯಾಕವ್ವ, ಹುಣಸೆಹಣ್ಣು ಹಾಕಿ ತಿಕ್ಕಿದ್ರಾ?" ಎರಡನ್ನು ದೇವರ ಸಾಮಾನಿನ ಥರ ಬೆಳಗಿದ್ದೆ. ತಿಕ್ಕಿದ್ರೆ ಬೆಲೆ ಇಳಿಯುತ್ತೆ ಅಂತ ಅವೆರಡನ್ನೂ ಪಕ್ಕಕ್ಕಿಟ್ಟರು.

ಮುಖ ಸವೆದ ಕಾಸನ್ನು ಅವರು ನೋಡುವುದಕ್ಕಿಂತ ಮೊದಲು ತೂಗುತ್ತಾರೆ. ಒಂದು 6.1 ಗ್ರಾಂ ಬಂತು. ಹೊಸದಿದ್ದಾಗ ತಾಮ್ರದ ಕಾಲಾಣೆ ಸುಮಾರು 6.5 ಗ್ರಾಂ. 1906ರಲ್ಲಿ ತಾಮ್ರ ಬಿಟ್ಟು ಕಂಚಿಗೆ ಹೋದ ಮೇಲೆ ಅದು 4.9 ಗ್ರಾಮಿಗೆ ಇಳಿಯಿತು, ಅಂದ್ರೆ ಇದು ಅದಕ್ಕೂ ಹಿಂದಿನದು. ಆಮೇಲೆ ಟಾರ್ಚ್ ಅಡ್ಡ ಹಿಡಿದು ಕಾಸನ್ನು ನಿಧಾನಕ್ಕೆ ತಿರುಗಿಸಿದರು, ಬೋಳಾಗಿ ಕಾಣುತ್ತಿದ್ದ ಕಡೆ ಎರಡು ಸಿಂಹ ಎದ್ದು ನಿಂತವು! ಈಸ್ಟ್ ಇಂಡಿಯಾ ಕಂಪನಿ ಕಾಲದ್ದು. ವಿಕ್ಟೋರಿಯಾ ರಾಣಿಯದಾಗಿದ್ರೆ ಅವಳ ಮುಖ ಇರುತ್ತಿತ್ತು. 1835 ಇರಬಹುದು, ಆದ್ರೆ ಇದೇ ಅಚ್ಚು 1857, 1858ರಲ್ಲೂ ಬಂದಿದೆ, ಕೊನೆಯ ಎರಡಂಕಿ ಕಾಣದೆ ನಾನು ಹೇಳಲ್ಲ ಅಂದರು. ಅಲ್ಲಿಗೆ ನನಗೆ ನಂಬಿಕೆ ಬಂತು.

ನಾನು ಜಾಸ್ತಿ ಆಸೆ ಇಟ್ಟಿದ್ದು ರಾಮ ಸೀತೆ ಇದ್ದ 1818ರ ಅರ್ಧಾಣೆ ಮೇಲೆ. ಕಂಪನಿ ಅಂಥದ್ದು ಅಚ್ಚು ಹಾಕಿಯೇ ಇಲ್ಲವಂತೆ. ಸುಮ್ನೆ ದೇವರ ಮನೆಯಲ್ಲಿಡಿ ಅಂದರು.

ಕಾಲಾಣೆಗೆ ಮೂವತ್ತು ರೂಪಾಯಿ ಹೇಳಿದರು. ಬೇಜಾರಾಯ್ತು. ಆದ್ರೆ ಬಿಸಾಡೋಣ ಅಂದುಕೊಂಡಿದ್ದ ತೂತಿನ ಕಾಸಿಗೆ ನೂರೈವತ್ತು! ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ಇಪ್ಪತ್ತು ಕಾಸು, ಲೆನ್ಸ್ ಹಿಡಿದರೆ 'ಮಯಿಲಿ ಕಾಸು' ಅಂತ ಕನ್ನಡದಲ್ಲೇ ಓದಬಹುದು. ತೂತಿಲ್ಲದಿದ್ರೆ ಇನ್ನೂ ಬರುತ್ತಿತ್ತಂತೆ. ಯಾವ ಮಗುವಿನ ಉಡುದಾರದಲ್ಲಿತ್ತೋ ಏನೋ, ಅದನ್ನು ಕೊಡಲಿಲ್ಲ.

ತಕರಾರೂ ಇದೆ. ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಡುವುದಿಲ್ಲ. ನನ್ನಂಥದ್ದೇ ಸವೆದ ಕಾಲಾಣೆ ಗಾಜಿನ ಪೆಟ್ಟಿಗೆಯಲ್ಲಿ ನೂರು ರೂಪಾಯಿಗೆ ಕೂತಿತ್ತು, ಕೇಳಿದ್ರೆ "ಅಂಗಡಿ ಬಾಡಿಗೆ ಯಾರು ಕೊಡ್ತಾರವ್ವ?" ಅಂದರು. ಮತ್ತೆ ಬೆಳಗ್ಗೆ ಹೋಗಬೇಡಿ, ಬೆಣ್ಣೆ ದೋಸೆ ತಿಂದು ಬಂದು ನೋಡಿದ್ರೂ ಶಟರ್ ಎತ್ತಿರಲಿಲ್ಲ.