ಕಣ್ಣಿನ ಆಪರೇಷನ್ ಅಂತ ಸೇರಿಸಿದ್ವಿ, ತೊಡೆಗೂ ಬ್ಯಾಂಡೇಜು ಕಟ್ಟಿ ಕಳಿಸಿದ್ರು! ಸಹಿ ಹಾಕೋ ಮುಂಚೆ ಇದನ್ನ ಓದಿ

ಬರೀಲೋ ಬೇಡ್ವೋ ಅಂತ ಹದಿನೈದು ದಿನ ತಲೆ ಕೆಡಿಸ್ಕೊಂಡೆ. ಸಹಿ ಹಾಕಿದ್ದು ನಾನೇ ಅಲ್ವಾ, ಹೇಳ್ಕೊಳ್ಳೋಕೆ ನಾಚಿಕೆ.

ಮಗಳಿಗೆ 6 ವರ್ಷ. ಹುಟ್ಟಿದಾಗಿಂದ ಎಡಗಣ್ಣಿನ ರೆಪ್ಪೆ ಜೋತುಬಿದ್ದು ಪಾಪೆನೇ ಮುಚ್ಚಿಬಿಡ್ತಿತ್ತು. ಹಾಗೇ ಬಿಟ್ರೆ ಆ ಕಣ್ಣು ಮಂದ ಆಗುತ್ತೆ ಅಂದ್ರು, ಅದು ಸರಿ, ಅದರಲ್ಲಿ ನನ್ನ ತಕರಾರಿಲ್ಲ. ರೆಪ್ಪೆ ಎತ್ತೋ ಸ್ನಾಯುವಿಗೆ ಬಲ ಇಲ್ಲ, ಅಳೆದು ನೋಡಿದ್ರೆ 4 ಮಿ.ಮೀ. ಕೂಡ ಏಳಲ್ಲ. ಅದಕ್ಕೇ ರೆಪ್ಪೆನ ಹಣೆ ಸ್ನಾಯುವಿಗೆ ಕಟ್ಟಬೇಕು, ಹುಬ್ಬು ಎತ್ತಿದ್ರೆ ರೆಪ್ಪೆನೂ ಏಳುತ್ತೆ. ಸಿಲಿಕಾನ್ ದಾರದಲ್ಲಿ ಕಟ್ತೀವಿ ಅಂತ ಕೌನ್ಸೆಲಿಂಗ್ ಟೇಬಲ್ಲಿನ ಹುಡುಗಿ ಸ್ಯಾಂಪಲ್ ಕೈಗೇ ಕೊಟ್ಟು ತೋರಿಸಿದ್ಲು. ದಾರದ ದುಡ್ಡು ಪ್ಯಾಕೇಜಲ್ಲಿ ಬೇರೆ ಸಾಲಲ್ಲೇ ಇತ್ತು. ತೊಡೆ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಒಬ್ಬರ ಬಾಯಲ್ಲೂ!

ವಾರ್ಡಿಗೆ ತಂದು ಮಲಗಿಸಿದ್ರು. ಎಚ್ಚರ ಆಗಿ ಮಗು "ಅಪ್ಪಾ, ಕಾಲು ನೋಯ್ತಿದೆ" ಅಂತು. ಮಂಪರಲ್ಲಿ ಏನೋ ಅಂತಿದ್ದಾಳೆ ಅಂದ್ಕೊಂಡು "ಕಣ್ಣು ನೋಯ್ತಿದೆಯಾ ಪುಟ್ಟಿ?" ಅಂದೆ. "ಕಾಲೂ!" ಅಂತ ಅಳೋಕೆ ಶುರು. ಹೊದಿಕೆ ಸರಿಸಿದೆ. ಮಂಡಿಯಿಂದ ಸ್ವಲ್ಪ ಮೇಲೆ, ತೊಡೆಯ ಹೊರಮಗ್ಗುಲಿಗೆ ದಪ್ಪ ಬ್ಯಾಂಡೇಜು. ಬೇರೆ ಯಾರ ಮಗೂದೋ ಆಪರೇಷನ್ ನಮ್ಮ ಮಗೂಗೆ ಮಾಡಿಬಿಟ್ಟಿದ್ದಾರೆ ಅಂತ ಹೆಂಡ್ತಿ ಕೂಗಾಡಿದ್ಲು. ನನಗೂ ಕೈಕಾಲು ತಣ್ಣಗಾಯ್ತು.

ಸಿಸ್ಟರ್: "ರೆಪ್ಪೆ ಕಟ್ಟೋಕೆ ತೊಡೆಯಿಂದ ಗ್ರಾಫ್ಟ್, ಅಂದ್ರೆ ಒಂದು ಪಟ್ಟಿ, ತೆಗೆದಿದ್ದಾರೆ ಸರ್, ನಾರ್ಮಲ್."

ಡಾಕ್ಟ್ರು: "ಮೈಯದೇ ಪಟ್ಟಿ ಆದ್ರೆ ಸಿಲಿಕಾನ್‌ಗಿಂತ ಬಾಳಿಕೆ ಬರುತ್ತೆ. ಒಳ್ಳೇದೇ ಮಾಡಿದ್ದೀವಿ. ಫಾರ್ಮಲ್ಲಿ ಇದೆಯಲ್ಲ, ನೋಡ್ಲಿಲ್ವಾ?"

ಇತ್ತು ಕಣ್ರೀ. ಮೂರನೇ ಪುಟದಲ್ಲಿ, ಇಂಗ್ಲಿಷಲ್ಲಿ, 'ಫೇಶಿಯಾ ಲಾಟಾ'. ತೊಡೆ ಸ್ನಾಯುವಿನ ಮೇಲಿರೋ ಗಟ್ಟಿ ಪೊರೆಯಂತೆ. ನಾನು ಯಾವುದೋ ಔಷಧಿ ಹೆಸರು ಅಂದ್ಕೊಂಡು ಸಹಿ ಗೀಚಿದ್ದೆ.

ಬಿಲ್ ನೋಡಿದ್ರೆ ಹಾಕದೇ ಇರೋ ಸಿಲಿಕಾನ್ ದಾರಕ್ಕೂ ದುಡ್ಡು! ಕೇಳಿದ್ರೆ, "ಅದು ಪ್ಯಾಕೇಜ್ ಸರ್, ಮಧ್ಯದಲ್ಲಿ ಒಂದು ಐಟಂ ಕಳೆಯೋಕೆ ಬರಲ್ಲ." ಹೋಟೆಲಲ್ಲಿ ತಿನ್ನದೇ ಇರೋ ವಡೆಗೆ ದುಡ್ಡು ಕೊಡ್ತೀವಾ?

ಆಮೇಲೆ ಬೇರೆ ಡಾಕ್ಟ್ರ ಹತ್ರ ತೋರಿಸಿದೆ. ಪದ್ಧತಿ ಹಳೇದು, ಒಳ್ಳೇದು, ಈ ವಯಸ್ಸಿನ ಮಕ್ಕಳಿಗೆ ತೊಡೆಯಿಂದ ತೆಗೆಯೋದು ಮಾಮೂಲು ಅಂದ್ರು. ನನಗೆ ಇನ್ನೂ ಉರಿದುಹೋಯ್ತು. ಅಷ್ಟು ಒಳ್ಳೇದಾದ್ರೆ ಮೊದಲೇ ಹೇಳೋಕೆ ಏನು ರೋಗ? ಮಗು ಒಂದು ವಾರ ಕುಂಟಿತು. ನಿದ್ದೇಲಿ ಆ ಕಣ್ಣು ಪೂರ್ತಿ ಮುಚ್ಚಲ್ಲ ಅನ್ನೋದನ್ನೂ ಹೇಳಿರಲಿಲ್ಲ. ಮನೆಗೆ ಬಂದ ರಾತ್ರಿ ಅರ್ಧ ತೆರೆದ ಕಣ್ಣು ನೋಡಿ ನನ್ನ ತಾಯಿ ಕಿರುಚಿಬಿಟ್ರು. ಮುಲಾಮು ಕೊಟ್ಟಿದ್ರು, ಕಣ್ಣು ಒಣಗದೇ ಇರಲಿ ಅಂತ ಕೊಟ್ಟಿದ್ದು ಅಂತ ಯಾರೂ ಬಾಯಿ ಬಿಡಲಿಲ್ಲ.

ಇಂಥ ಆಪರೇಷನ್ ಮಾಡಿಸೋರು "ಯಾವುದರಲ್ಲಿ ಕಟ್ತೀರಾ? ಮೈಯಿಂದ ತೆಗೀತೀರಾ, ಎಲ್ಲಿಂದ?" ಅಂತ ಸರ್ಜನ್ ಬಾಯಿಂದಲೇ ಕೇಳಿ. ಟೇಬಲ್ಲಿನ ಹುಡುಗಿ ಮಾತು ನಂಬ್ಕೋಬೇಡಿ. ಫಾರ್ಮು ಕನ್ನಡದಲ್ಲಿ ಓದಿ ಹೇಳೋವರೆಗೂ ಪೆನ್ನು ಮುಟ್ಟಬೇಡಿ.

ದುಡ್ಡಿಗೆ ಮೂರು ಸಲ ಅಲೆದೆ. "ಅಕೌಂಟ್ಸ್‌ನವರು ರಜೆ ಸರ್." ಸೋಮವಾರ ಮತ್ತೆ ಹೋಗ್ತಿದ್ದೀನಿ, ಈ ಸಲ ಬಿಲ್ಲಿನ ಜೊತೆ ಆ ಮೂರನೇ ಪುಟನೂ ತಗೊಂಡು.