ತೋಟದ ಲೆಕ್ಕಕ್ಕೆ ಮೂರು ಡೇಟಾಬೇಸ್: ಅನುಮತಿಯ ವಿಚಾರದಲ್ಲಿ ಪೋಸ್ಟ್‌ಗ್ರೆಸ್ ಏಕೆ ಮೇಲು

ಮನೆಯ ಕಂಪ್ಯೂಟರಿನಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಳಸುವ ಲೆಕ್ಕವನ್ನು ಇಡಬೇಕಾದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ (ಲೆಕ್ಕವನ್ನು ಕೋಷ್ಟಕಗಳಲ್ಲಿ ಇಡುವ ತಂತ್ರಾಂಶ) ಆರಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ನನ್ನದೂ ತಮ್ಮನದೂ ಸೇರಿ ಒಂದೇ ಅಡಿಕೆ ತೋಟವಿದೆ. ಕೊನೆಗಾರರ ಕೂಲಿ, ಮಳೆಗಾಲದ ಬೋರ್ಡೋ ಸಿಂಪಡಣೆಯ ಖರ್ಚು, ಮಂಡಿಯಲ್ಲಿ ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳಿಗೆ ಸಿಕ್ಕ ತೂಕ ಮತ್ತು ದರ, ಇವೆಲ್ಲ ಇಬ್ಬರಿಗೂ ಕಾಣಬೇಕು. ಆದರೆ ಕೂಲಿಯ ಲೆಕ್ಕವನ್ನು ನಾನು ಮಾತ್ರ, ಮಾರಾಟದ ಲೆಕ್ಕವನ್ನು ತಮ್ಮ ಮಾತ್ರ ತಿದ್ದುವಂತಿರಬೇಕು. ಪಾಲಿನ ತೋಟದಲ್ಲಿ ಯಾವ ಅಂಕಿಯನ್ನು ಯಾರು ಬರೆದರು ಎಂಬ ಅನುಮಾನಕ್ಕೆ ಎಡೆಯಿರಬಾರದು. ಇದನ್ನೇ ಮುಂದಿಟ್ಟುಕೊಂಡು, ಉಬುಂಟು 24.04 ಎಂಬ ಲಿನಕ್ಸ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಎಸ್‌ಕ್ಯೂಲೈಟ್, ಮರಿಯಾಡಿಬಿ ಮತ್ತು ಪೋಸ್ಟ್‌ಗ್ರೆಸ್ ಮೂರನ್ನೂ ಒಂದಾದ ಮೇಲೊಂದರಂತೆ ಬಳಸಿದ್ದೇನೆ. ಮೂರಕ್ಕೂ ಹಣ ಕೊಡಬೇಕಾಗಿಲ್ಲ. ನಮ್ಮ ಲೆಕ್ಕದ ಗಾತ್ರಕ್ಕೆ ವೇಗದಲ್ಲೂ ವ್ಯತ್ಯಾಸ ಕಾಣುವುದಿಲ್ಲ.

ಎಸ್‌ಕ್ಯೂಲೈಟ್‌ನಲ್ಲಿ ಸರ್ವರ್ (ಸಂಪರ್ಕಿಸಿದವರಿಗೆ ಲೆಕ್ಕ ಒದಗಿಸುತ್ತ ಸದಾ ಓಡುವ ಪ್ರೋಗ್ರಾಮ್) ಇಲ್ಲ, ಬಳಕೆದಾರರ ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ. ಇರುವುದು ಒಂದು ಫೈಲ್ ಮಾತ್ರ. ಆದ್ದರಿಂದ ಸಂಪರ್ಕದ ತೊಂದರೆಯೇ ಬರುವುದಿಲ್ಲ, ಅನುಮತಿಯ ತೊಂದರೆಯೆಲ್ಲ ಲಿನಕ್ಸ್‌ನ ಫೈಲ್ ಅನುಮತಿಯ ತೊಂದರೆಯೇ. ಇಲ್ಲಿ ತಿಳಿದಿರಬೇಕಾದ ಸಂಗತಿ ಒಂದಿದೆ: ಫೈಲಿಗೆ ಬರೆಯುವ ಅನುಮತಿ ಇದ್ದರೆ ಸಾಲದು, ಅದು ಇರುವ ಫೋಲ್ಡರಿಗೂ ಬರೆಯುವ ಅನುಮತಿ ಬೇಕು, ಏಕೆಂದರೆ ಪ್ರತಿ ತಿದ್ದುಪಡಿಯ ಹೊತ್ತಿಗೆ ಎಸ್‌ಕ್ಯೂಲೈಟ್ ಪಕ್ಕದಲ್ಲೇ ಜರ್ನಲ್ ಎಂಬ ಒಂದು ತಾತ್ಕಾಲಿಕ ಫೈಲನ್ನು ಸೃಷ್ಟಿಸುತ್ತದೆ. ಒಬ್ಬರೇ ಬರೆಯುವ ಲೆಕ್ಕಕ್ಕೆ ಇದಕ್ಕಿಂತ ಹಗುರವಾದದ್ದು ಇನ್ನೊಂದಿಲ್ಲ. ನಮಗೆ ಒಗ್ಗದಿರಲು ಕಾರಣ, ಒಂದೇ ಫೈಲಿನೊಳಗೆ ಈ ಕೋಷ್ಟಕ ನಿನಗೆ, ಆ ಕೋಷ್ಟಕ ನನಗೆ ಎಂದು ಹೇಳುವ ದಾರಿಯೇ ಅದರಲ್ಲಿಲ್ಲ.

ಮರಿಯಾಡಿಬಿಯಲ್ಲಿ ಆ ದಾರಿ ಇದೆ. ಅನುಸ್ಥಾಪಿಸಿದ ಕೂಡಲೇ ಎಲ್ಲ ಹಕ್ಕೂ ಇರುವ ರೂಟ್ ಹೆಸರಿನಲ್ಲಿ ಒಳಹೋಗಲು ಯತ್ನಿಸಿದವರಿಗೆ 1698 ಸಂಖ್ಯೆಯ ದೋಷ ಎದುರಾಗುತ್ತದೆ. 10.4ನೇ ಆವೃತ್ತಿಯಿಂದ ಈಚೆಗೆ ಲಿನಕ್ಸ್‌ನಲ್ಲಿ ರೂಟ್ ಖಾತೆಯನ್ನು ಕಂಪ್ಯೂಟರಿನ ರೂಟ್ ಬಳಕೆದಾರನಿಗೇ ಕಟ್ಟಿಹಾಕಿರುವುದರಿಂದ, ರೂಟ್ ಹಕ್ಕಿನಲ್ಲಿ ಆಜ್ಞೆ ನಡೆಸುವ ಸುಡೋ ಹಾಕಿ ಹೋದರೆ ಅದು ಅಲ್ಲಿಗೇ ಮುಗಿಯಿತು. ನಿಜವಾದ ಕಿರಿಕಿರಿ ಬೇರೆಯೇ ಇದೆ.

ಮರಿಯಾಡಿಬಿಯ ಲೆಕ್ಕದಲ್ಲಿ ಖಾತೆಯೆಂದರೆ ಹೆಸರು ಮಾತ್ರವಲ್ಲ, ಹೆಸರು ಮತ್ತು ಬಂದ ವಿಳಾಸ ಎರಡೂ ಸೇರಿದ ಜೋಡಿ. ನನ್ನ ತಮ್ಮ ಒಮ್ಮೆ ಕೆಳಗಿನ ಕೋಣೆಯ ಕಂಪ್ಯೂಟರಿನ ಮುಂದೆಯೇ ಕೂರುತ್ತಾನೆ, ಇನ್ನೊಮ್ಮೆ ಉಪ್ಪರಿಗೆಯಲ್ಲಿ ತನ್ನ ಲ್ಯಾಪ್‌ಟಾಪಿನಿಂದ ಲೆಕ್ಕ ತೆರೆಯುತ್ತಾನೆ. ಮೊದಲು ಲ್ಯಾಪ್‌ಟಾಪಿನ ವಿಳಾಸವನ್ನೇ ಕೊಟ್ಟು ಖಾತೆ ಮಾಡಿದ್ದೆವು. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ಬಂದು, ರೂಟರ್ ಮತ್ತೆ ಶುರುವಾಗಿ ಲ್ಯಾಪ್‌ಟಾಪಿಗೆ ಬೇರೆ ವಿಳಾಸ ಕೊಟ್ಟಾಗಲೆಲ್ಲ, ಈ ವಿಳಾಸದಿಂದ ಸಂಪರ್ಕಿಸಲು ಅನುಮತಿಯಿಲ್ಲ ಎಂಬ 1130ರ ದೋಷ ಕಾಣಿಸುತ್ತಿತ್ತು. ವಿಳಾಸದ ಕೊನೆಯ ಅಂಕಿಯ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿ, 192.168.1ರಿಂದ ಶುರುವಾಗುವ ಯಾವ ವಿಳಾಸವಾದರೂ ಸರಿ ಎಂದು ಬರೆದ ಮೇಲೆ ಅದು ನಿಂತಿತು.

ಆದರೆ ಕೆಳಗಿನ ಕಂಪ್ಯೂಟರಿನಿಂದ ಬರುವ ಸಂಪರ್ಕದ ವಿಳಾಸ ಲೋಕಲ್‌ಹೋಸ್ಟ್, ಅಂದರೆ ಸರ್ವರ್ ಇರುವ ಅದೇ ಕಂಪ್ಯೂಟರ್. ಅದಕ್ಕೆ ಅದೇ ಹೆಸರಿನ ಇನ್ನೊಂದು ಖಾತೆ ಬೇಕಾಯಿತು. ಅಲ್ಲಿಂದ ತಮ್ಮನ ಹೆಸರಿನಲ್ಲಿ ಎರಡು ಖಾತೆ, ಎರಡು ಪಾಸ್‌ವರ್ಡ್, ಎರಡು ಅನುಮತಿಪಟ್ಟಿ. ಲ್ಯಾಪ್‌ಟಾಪಿನಲ್ಲಿ ಕುಳಿತು ಪಾಸ್‌ವರ್ಡ್ ಬದಲಾಯಿಸಿದರೆ ಕೆಳಗೆ ಹಳೆಯದೇ ಉಳಿಯುತ್ತದೆ, ಹೊಸದನ್ನು ಕೊಟ್ಟರೆ 1045ರ ದೋಷ ಬರುತ್ತದೆ. ಒಂದು ಖಾತೆಗೆ ಹೊಸ ಕೋಷ್ಟಕ ಓದುವ ಅನುಮತಿ ಕೊಟ್ಟರೆ ಇನ್ನೊಂದಕ್ಕೆ ಅದು ತಲುಪುವುದಿಲ್ಲ, ಆದ್ದರಿಂದ ಮೇಲೆ ಕಾಣುವ ಲೆಕ್ಕ ಕೆಳಗೆ ಕಾಣುವುದಿಲ್ಲ. 1045ರ ಸಂದೇಶದಲ್ಲಿ ನೀವು ಯಾರೆಂದು ಹೇಳಿಕೊಂಡು ಎಲ್ಲಿಂದ ಬಂದಿರಿ, ಪಾಸ್‌ವರ್ಡ್ ಕೊಟ್ಟಿರೋ ಇಲ್ಲವೋ ಎಂಬುದಷ್ಟೇ ಇರುತ್ತದೆ. ಸರ್ವರ್ ಅದನ್ನು ಯಾವ ಖಾತೆಯೊಂದಿಗೆ ಹೋಲಿಸಿ ನೋಡಿತು ಎಂಬುದು ಇರುವುದಿಲ್ಲ. ಒಳಗೆ ಹೋಗಲು ಸಾಧ್ಯವಾದ ಮೇಲೆ ಯೂಸರ್ ಮತ್ತು ಕರೆಂಟ್ ಯೂಸರ್ ಎಂಬ ಎರಡು ಫಂಕ್ಷನ್‌ಗಳನ್ನು ಒಟ್ಟಿಗೆ ಸೆಲೆಕ್ಟ್ ಮಾಡಿದರೆ ಮೊದಲನೆಯದು ನಾವು ಹೇಳಿಕೊಂಡದ್ದನ್ನೂ ಎರಡನೆಯದು ಸರ್ವರ್ ಒಪ್ಪಿದ ಖಾತೆಯನ್ನೂ ತೋರಿಸುತ್ತದೆ. ರೋಲ್ (ಹಲವು ಅನುಮತಿಗಳನ್ನು ಒಟ್ಟುಗೂಡಿಸಿದ ಹೆಸರು) ಬಳಸಿದರೆ ಅನುಮತಿಗಳನ್ನು ಒಂದೆಡೆ ಇಡಬಹುದು, ಆದರೂ ಪಾಸ್‌ವರ್ಡ್ ಎರಡೇ. ವಿಳಾಸದ ಜಾಗದಲ್ಲಿ ಬರೀ ಶೇಕಡಾ ಚಿಹ್ನೆ ಹಾಕಿ ಒಂದೇ ಖಾತೆಯಲ್ಲಿ ಮುಗಿಸಬಹುದು ನಿಜ. ಎಲ್ಲ ವಿಳಾಸಗಳಿಗೂ ಬಾಗಿಲು ತೆರೆದಿಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ವ್ಯಕ್ತಿ ಒಬ್ಬನೇ, ಪಾಸ್‌ವರ್ಡ್ ಒಂದೇ. ಎಲ್ಲಿಂದ ಬರಬಹುದು ಎಂಬುದನ್ನು ಪಿಜಿ ಎಚ್‌ಬಿಎ (pg_hba.conf) ಎಂಬ ಪ್ರತ್ಯೇಕ ಫೈಲ್ ತೀರ್ಮಾನಿಸುತ್ತದೆ. ಹೆಬ್ಬಾಗಿಲಿನಿಂದ ಬಂದರೂ ಹಿತ್ತಿಲ ಬಾಗಿಲಿನಿಂದ ಬಂದರೂ ತಮ್ಮ ತಮ್ಮನೇ ಅಲ್ಲವೇ! ಆ ಫೈಲನ್ನು ಸರ್ವರ್ ಮೇಲಿನಿಂದ ಕೆಳಕ್ಕೆ ಓದಿ, ಹೊಂದುವ ಮೊದಲ ಸಾಲಿಗೇ ನಿಲ್ಲುತ್ತದೆ. ಅಲ್ಲಿ ಸೋತರೆ ಮುಂದಿನ ಸಾಲನ್ನು ನೋಡುವುದಿಲ್ಲ. ಉಬುಂಟುವಿನಲ್ಲಿ ಮೊದಲಿಗೆ ಕಾಣುವ ಪೀರ್ ದೋಷದ ಅರ್ಥ, ಕಂಪ್ಯೂಟರಿನ ಲಾಗಿನ್ ಹೆಸರೂ ಡೇಟಾಬೇಸಿನ ಬಳಕೆದಾರನ ಹೆಸರೂ ಹೊಂದುತ್ತಿಲ್ಲ ಎಂಬುದಷ್ಟೇ. ಪಾಸ್‌ವರ್ಡ್ ತಪ್ಪಿದಾಗಲೂ ಸರ್ವರಿನ ಲಾಗ್ (ನಡೆದದ್ದನ್ನು ಬರೆದಿಡುವ ಫೈಲ್) ತೆರೆದರೆ, ಈ ಸಂಪರ್ಕ ಆ ಫೈಲಿನ ಇಂಥ ಸಾಲಿಗೆ ಹೊಂದಿತು ಎಂದು ಸಾಲಿನ ಸಂಖ್ಯೆ ಸಮೇತ ಬರೆದಿರುತ್ತದೆ. ದೋಷ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕಿಲ್ಲ.

ಅಲ್ಲಿಯೂ ತೊಡಕಿಲ್ಲವೆಂದಲ್ಲ. 2022ರಲ್ಲಿ ಬಂದ 15ನೇ ಆವೃತ್ತಿಯಿಂದ ಪಬ್ಲಿಕ್ ಸ್ಕೀಮಾದಲ್ಲಿ (ಡೇಟಾಬೇಸಿನೊಳಗೆ ಕೋಷ್ಟಕಗಳನ್ನು ಇಡುವ ವಿಭಾಗ) ಕೋಷ್ಟಕ ಸೃಷ್ಟಿಸುವ ಹಕ್ಕು ಎಲ್ಲರಿಗೂ ತಾನಾಗಿಯೇ ಸಿಗುವುದಿಲ್ಲ. ಡೇಟಾಬೇಸಿನ ಮೇಲೆ ಎಲ್ಲ ಹಕ್ಕು ಕೊಟ್ಟಿದ್ದರೂ ಸ್ಕೀಮಾದ ಮೇಲೆ ಬೇರೆಯಾಗಿಯೇ ಗ್ರಾಂಟ್ (ಹಕ್ಕು ಕೊಡುವ ಆಜ್ಞೆ) ಬರೆಯಬೇಕು. ಎಲ್ಲ ಕೋಷ್ಟಕಗಳನ್ನೂ ಓದಬಹುದು ಎಂಬ ಗ್ರಾಂಟ್ ಕೂಡ ಆ ಹೊತ್ತಿಗೆ ಇರುವ ಕೋಷ್ಟಕಗಳಿಗೆ ಮಾತ್ರ ಸಲ್ಲುತ್ತದೆ. ಹೊಸ ಹಂಗಾಮಿಗೆ ನಾನು ಹೊಸ ಕೋಷ್ಟಕ ತೆರೆದರೆ ಅದು ತಮ್ಮನಿಗೆ ಕಾಣಬೇಕಾದರೆ, ಆಲ್ಟರ್ ಡೀಫಾಲ್ಟ್ ಪ್ರಿವಿಲೇಜಸ್ ಆಜ್ಞೆಯನ್ನು ಕೋಷ್ಟಕ ಸೃಷ್ಟಿಸುವವನ ಹೆಸರಿಗೇ ಮೊದಲು ಕೊಟ್ಟಿರಬೇಕು. ಆದರೆ ಈ ಎರಡೂ ಸಂದರ್ಭಗಳಲ್ಲಿ ಸಂದೇಶವೇ ಯಾವ ಸ್ಕೀಮಾ, ಯಾವ ಕೋಷ್ಟಕ ಎಂದು ಹೆಸರಿಟ್ಟು ಹೇಳುತ್ತದೆ.

ತಿಂಗಳ ಶುಲ್ಕದ ಕ್ಲೌಡ್ ಸೇವೆಗೆ ನಮ್ಮಲ್ಲಿ ಹಣವೂ ಇಲ್ಲ, ಮಳೆಗಾಲದಲ್ಲಿ ನೆಚ್ಚಬಹುದಾದ ಇಂಟರ್ನೆಟ್ಟೂ ಇಲ್ಲ. ಆದ್ದರಿಂದ ರಾತ್ರಿ ಕಂಪ್ಯೂಟರ್ ಆರಿಸುವ ಮುನ್ನ ಪೆನ್‌ಡ್ರೈವಿಗೆ ಪ್ರತಿ ತೆಗೆಯುವುದು ನನ್ನ ರೂಢಿ. ಹಾಗೆ ಮಾಡುವವರು ಗಮನಿಸಬೇಕಾದದ್ದು, ಪೋಸ್ಟ್‌ಗ್ರೆಸ್‌ನ ಪಿಜಿ ಡಂಪ್ ಆಜ್ಞೆಯಿಂದ ತೆಗೆದ ಪ್ರತಿಯಲ್ಲಿ ಬಳಕೆದಾರರೂ ಅವರ ಪಾಸ್‌ವರ್ಡುಗಳೂ ಇರುವುದಿಲ್ಲ. ಅವನ್ನು ಪಿಜಿ ಡಂಪ್‌ಆಲ್‌ನಿಂದ ಬೇರೆಯಾಗಿ ತೆಗೆದಿಟ್ಟುಕೊಳ್ಳಬೇಕು, ಪಿಜಿ ಎಚ್‌ಬಿಎ ಫೈಲಿನ ಒಂದು ನಕಲನ್ನೂ ಅದರ ಜೊತೆಗೇ ಇಡಬೇಕು.